ಎಡಗಡೆ ಸ್ವಲ್ಪ ಮಂಕು

ಐದು ಅಗ್ಗದ ಇಯರ್‌ಫೋನ್‌ಗಳನ್ನು ಹೋಲಿಸಿ ನಾನು ಬರೆದ ಲೇಖನ ಅಚ್ಚಾದ ಮರುದಿನ ಸಂಪಾದಕರು ನನ್ನನ್ನು ಕರೆಸಿದರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಇಡೀ ಕಚೇರಿಗೆ ಕೇಳುವಂತೆ ಓದಿದರು. ಮೊದಲನೆಯದು: ದನಿ ಸ್ಪಷ್ಟ, ಎಡಗಡೆ ಸ್ವಲ್ಪ ಮಂಕು. ಎರಡನೆಯದು: ವೈರು ಗಟ್ಟಿ, ಎಡಗಡೆ ಸ್ವಲ್ಪ ಮಂಕು. ಹೀಗೇ ಕೊನೆಯದರ ತನಕ.

“ಐದು ಕಂಪನಿಯೋರೂ ಮೀಟಿಂಗ್ ಮಾಡಿ, ಎಡಗಡೆ ಸೌಂಡು ಕಮ್ಮಿ ಇಡೋಣ ಅಂತ ತೀರ್ಮಾನ ಮಾಡಿದ್ರಾ ಸ್ವಾಮಿ?” ಎಂದರು.

ಪುಟ ಕಟ್ಟುವ ಹುಡುಗಿ ತನ್ನ ಕಿವಿಯಲ್ಲಿದ್ದುದನ್ನು ಕಿತ್ತು ನನ್ನ ಮುಂದೆ ಹಿಡಿದಳು. ನಾನು ಬರೆದ ಐದರಲ್ಲಿ ಅದೂ ಒಂದು. “ನೀವೇ ಕೇಳಿ ಸರ್.”

ಕೇಳಿದೆ. ಎರಡೂ ಕಡೆ ಒಂದೇ ಸಮ. ಆದರೆ ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳಲು ನಾನು ಪಟ್ಟ ಪಾಡು ನೋಡಿಯೇ ಕಚೇರಿಗೆ ಸತ್ಯ ತಿಳಿದುಹೋಗಿತ್ತು: ಈ ಪದಾರ್ಥವನ್ನು ಈ ಮನುಷ್ಯ ಜನ್ಮದಲ್ಲಿ ಹಾಕಿಕೊಂಡವನಲ್ಲ.

‘ಕೊಳ್ಳುವ ಮುನ್ನ’ ಎಂಬ ಅಂಕಣ ನನ್ನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ್ದರಿಂದ. ಛತ್ರಿ, ಟಾರ್ಚು, ಮಿಕ್ಸಿಗಳ ಮೇಲೆ ತೀರ್ಪು ಕೊಡುತ್ತಾ ಹೇಗೋ ಕಾಲ ಹಾಕಿದ್ದೆ. ಇಯರ್‌ಫೋನಿನ ಸರದಿ ಬಂದಾಗ ಕೈಚೆಲ್ಲಿದೆ. ನನ್ನ ಕಿವಿಯಲ್ಲಿ ಯಾವುದೂ ನಿಲ್ಲುವುದಿಲ್ಲ. ಬುದ್ಧಿಮಾತಿನ ಮಟ್ಟಿಗೆ ಇದನ್ನು ನನ್ನ ಹೆಂಡತಿ ಬಹಳ ಹಿಂದೆಯೇ ಕಂಡುಹಿಡಿದಿದ್ದಾಳೆ. ಹಾಗಾಗಿ ಒಂದೊಂದನ್ನೇ ಅತ್ತಿಗೆಗೆ ಕೊಟ್ಟು, ಅವರು ಹೇಳಿದ್ದನ್ನು ನನ್ನ ಹೆಸರಲ್ಲಿ ಬರೆದೆ.

ಅತ್ತಿಗೆ, ಅಂದರೆ ನಮ್ಮ ಮೇಲಿನ ಮನೆಯಲ್ಲಿರುವ ಅಣ್ಣನ ಹೆಂಡತಿ, ಸರ್ಕಾರಿ ಆಸ್ಪತ್ರೆಯ ವರದಿ ವಿಭಾಗದಲ್ಲಿ ಟೈಪಿಸ್ಟ್. ಡಾಕ್ಟರುಗಳು ಸ್ಕ್ಯಾನು ನೋಡುತ್ತಾ ರೆಕಾರ್ಡರಿಗೆ ಹೇಳಿದ್ದನ್ನು ಕಿವಿಯಲ್ಲಿ ಕೇಳಿ ಬೆರಳಲ್ಲಿ ಬಡಿಯುವುದು ಅವರ ಕೆಲಸ. ಕಾಲ ಕೆಳಗೊಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ. ಆಸ್ಪತ್ರೆಯ ದೊಡ್ಡ ಸಾಹೇಬರ ಮೀಟಿಂಗಿಗೂ ಇಂಥದೊಂದು ಪೆಡಲು ಬೇಕಿತ್ತು ಎನ್ನುವುದು ಟೈಪಿಸ್ಟರ ಕೋಣೆಯ ಹಳೆಯ ಜೋಕು. ಈಗ ಅದಕ್ಕೆ ಯಾರೂ ನಗುವುದಿಲ್ಲವಂತೆ.

ಕಿಟಕಿಯಿಲ್ಲದ ಕೋಣೆ. ಸಾಲಾಗಿ ಮೇಜು, ಒಬ್ಬೊಬ್ಬರ ಕಿವಿಯಲ್ಲಿ ಒಬ್ಬೊಬ್ಬ ಡಾಕ್ಟರು. ಒಬ್ಬರು ಬಿಸ್ಕತ್ತು ಅಗಿಯುತ್ತಾ ಹೇಳುತ್ತಾರೆ. ಇನ್ನೊಬ್ಬರು ವಾಕ್ಯದ ಬಾಲ ನುಂಗುತ್ತಾರೆ: ‘ಗಡ್ಡೆ’ ಎಂಬುದು ಕಂಚಿನ ಕಂಠದಲ್ಲಿ ಬರುತ್ತದೆ, ‘ಇದೆ’ಯೋ ‘ಇಲ್ಲ’ವೋ ಗಂಟಲಲ್ಲೇ ಇಳಿದುಹೋಗುತ್ತದೆ. ರೋಗಿಯ ಹಣೆಬರಹವೆಲ್ಲ ಆ ಬಾಲದಲ್ಲಿ. ಅತ್ತಿಗೆ ಪೆಡಲು ಒತ್ತಿ, ಬಿಟ್ಟು, ಮತ್ತೆ ಒತ್ತಿ, ಅದನ್ನು ಹಿಡಿದೇ ತೀರುತ್ತಾರೆ. ಸಂಜೆ ಬಂದು ಚಪ್ಪಲಿ ಬಿಟ್ಟವರು ಮನೆಯೊಳಗೆ ಹೋಗುವುದಿಲ್ಲ. ಮೆಟ್ಟಿಲ ಮೇಲೇ ಸುಮ್ಮನೆ ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು. ನಾನು ಮಾತಾಡಿಸುತ್ತಿದ್ದೆ.

“ಇದು ಹೇಗಿದೆ ಅತ್ತಿಗೆ?”

“ಲೋಹದ್ದು. ನೋಡೋಕೆ ಚೆಂದ. ಬೆಳಗ್ಗೆ ಹಾಕ್ಕೊಂಡ್ರೆ ಕಿವಿಗೆ ಐಸ್ ಇಟ್ಟ ಹಾಗೆ. ಮಧ್ಯಾಹ್ನಕ್ಕೆ ಭಾರಕ್ಕೆ ಜಾರುತ್ತೆ.”

“ಸೌಂಡು?”

“ಡಬ್ ಡಬ್ ಅನ್ನುತ್ತೆ. ಇತ್ತ ಡಾಕ್ಟ್ರು ಮಾತಾಡ್ತಿದ್ರೆ ಅತ್ತ ಪಕ್ಕದ ಮನೇಲಿ ಹಾಸಿಗೆ ಕೊಡವಿದ ಹಾಗೆ. ಎಡಗಡೆ ಸ್ವಲ್ಪ ಮಂಕು. ಬರ್ಕೋ.”

ಪ್ಲಾಸ್ಟಿಕ್ಕಿನದು ಹಗುರ, ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಆದರೆ ಅದರ ವೈರು ಬಟ್ಟೆಗೆ ಉಜ್ಜಿದರೆ ಕಿವಿಯೊಳಗೆ ಇಲಿ ಕೆರೆಯುತ್ತದೆ. ಇನ್ನೊಂದರ ವೈರು ಪಿನ್ನಿನ ಬುಡದಲ್ಲಿ ಸೊಂಟ ಹಿಡಿದವನಂತೆ: ಬಗ್ಗುವುದಿಲ್ಲ, ಬಗ್ಗಿದರೆ ಏಳುವುದಿಲ್ಲ. ಮತ್ತೊಂದರ ರಬ್ಬರ್ ತೊಪ್ಪಿ ಕಿವಿಯಲ್ಲೇ ಉಳಿದುಬಿಟ್ಟಿತಂತೆ. ಕೊನೆಯದರಲ್ಲಿ ಮಾತ್ರ ನುಂಗಿದ ಬಾಲ ಸಲೀಸಾಗಿ ಕೇಳಿಸಿತಂತೆ. “ಆದ್ರೂ ಎಡಗಡೆ...” ಎಂದು ನಿಲ್ಲಿಸಿದ್ದರು. ಮಂಕು ಎಂದು ನಾನೇ ಪೂರ್ತಿ ಮಾಡಿ ಬರೆದುಕೊಂಡಿದ್ದೆ, ಪೆದ್ದನ ಹಾಗೆ.

ಅದೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಹೊಸ ಸುತ್ತೋಲೆ ಬಂದಿತ್ತು. ಟೈಪಿಸ್ಟರೆಲ್ಲ ಕಿವಿ ಪರೀಕ್ಷೆ ಮಾಡಿಸಬೇಕು. ಫೇಲಾದವರು ನೆಲಮಾಳಿಗೆಗೆ, ಹಳೆಯ ಕಡತಗಳ ಕೋಣೆಗೆ. “ಅಲ್ಲಿಗೆ ಹೋದೋರನ್ನ ಮೇಲಿನೋರು ಟೀಗೂ ಕರೆಯಲ್ಲ” ಎಂದಿದ್ದರು ಅತ್ತಿಗೆ. ಸುಸ್ತಾಗುತ್ತದೆ ಎಂದು ಸಾವಿರ ಸಲ ಗೊಣಗಿದ್ದರೂ ಆ ಕುರ್ಚಿ ಬಿಡುವ ಮಾತು ಅವರ ಬಾಯಲ್ಲಿ ಎಂದೂ ಬಂದಿರಲಿಲ್ಲ.

ಸಂಪಾದಕರ ಮೇಜಿನಿಂದ ಈಚೆ ಬಂದ ಮೇಲೆ ಇದೆಲ್ಲ ನನಗೆ ಒಂದಕ್ಕೊಂದು ಕೂಡಿಕೊಂಡಿತು. ಸಂಜೆ ಮೆಟ್ಟಿಲ ಹತ್ತಿರ ಹೋದೆ. ಒಂದು ಜೊತೆ ಕೈಯಲ್ಲಿತ್ತು.

“ಅತ್ತಿಗೆ, ಇದನ್ನ ಒಂಚೂರು ಅದಲು ಬದಲು ಮಾಡಿ ಹಾಕ್ಕೊಳ್ಳಿ. ಎಡದ್ದು ಬಲಕ್ಕೆ.”

ಅವರು ಕೈ ಚಾಚಲಿಲ್ಲ. “ಮಾಡಿ ನೋಡಿದ್ದೀನಿ.”

“ಯಾವಾಗ?”

“ನೀನು ಎರಡನೇದು ಕೊಟ್ಟಾಗ್ಲೇ. ಯಾವ ಕಡೇದು ಹಾಕ್ಕೊಂಡ್ರೂ ಎಡಗಿವಿಗೆ ಅಷ್ಟೇ.”

“ಮತ್ತೆ ಐದಕ್ಕೂ ಹಾಗೇ ಬರೆಸಿದ್ರಲ್ಲ?”

“ಕೇಳಿಸಿದ್ದು ಹೇಳ್ದೆ. ಒಂದರಲ್ಲಾದ್ರೂ ಸರಿಯಾಗಿ ಕೇಳಿಸಬಹುದು ಅಂದ್ಕೊಂಡೆ.” ನನ್ನ ಕೈಯಲ್ಲಿದ್ದ ಜೊತೆಯನ್ನು ನೋಡಿದರು. “ಇನ್ನೂ ಬೇರೆ ಕಂಪನಿ ಇದಾವೆ, ಅಲ್ವಾ?”

“ಇದಾವೆ” ಎಂದೆ. ಅಂಕಣ ಬರೆದು ಹೊಟ್ಟೆ ಹೊರೆಯುವವನಿಗೆ ಆಗ ಹೊಳೆದದ್ದು ಅಷ್ಟೇ.

ಪರೀಕ್ಷೆಯ ದಿನ ಜೊತೆಗೆ ಬರುತ್ತೇನೆಂದ ಅಣ್ಣನನ್ನು ಅತ್ತಿಗೆ ಬೇಡವೆಂದರು. ಅವನು ದಾರಿಯುದ್ದಕ್ಕೂ ಧೈರ್ಯ ಹೇಳುತ್ತಾನಂತೆ. ನಾನು ಹೋದೆ. ಅವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ದಪ್ಪ ಹೆಡ್‌ಫೋನು ತೊಡಿಸಿ, ಕೈಗೊಂದು ಗುಂಡಿ ಕೊಟ್ಟರು. ಕುಂಯ್ ಎಂದು ಕೇಳಿಸಿದಾಗಲೆಲ್ಲ ಒತ್ತಬೇಕು. ಬಲಗಿವಿಯ ಸರದಿಯಲ್ಲಿ ಅತ್ತಿಗೆಯ ಹೆಬ್ಬೆರಳು ಕೀಲಿಮಣೆಯ ಮೇಲಿದ್ದಷ್ಟೇ ಚುರುಕು. ಎಡಗಿವಿ ಬಂದಾಗ ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯತೊಡಗಿತು.

ಹೊರಗೆ ನಿಂತಿದ್ದ ನನಗೊಂದು ವಿಷಯ ಕಂಡಿತು. ಗಾಜಿನ ಈಚೆ ಯಂತ್ರದ ಮುಂದೆ ಕೂತು ಪರೀಕ್ಷೆ ಮಾಡುವವನು ಪ್ರತಿ ಸಲ ಸದ್ದು ಬಿಡುವಾಗ ಅವನ ಮೊಣಕೈ ಒಂದಿಷ್ಟು ಮೇಲೇಳುತ್ತಿತ್ತು, ಅದು ಒಳಗಿದ್ದವರಿಗೂ ಚೆನ್ನಾಗಿ ಕಾಣುತ್ತಿತ್ತು. ಅತ್ತಿಗೆಯೂ ಅದನ್ನೇ ನೋಡುತ್ತಿದ್ದರು. ಮೊಣಕೈ ಎದ್ದಾಗಲೆಲ್ಲ ಒತ್ತಿದರೆ ಮುಗಿಯಿತು, ಕುರ್ಚಿ ಉಳಿಯುತ್ತದೆ. ಒತ್ತಿ ಅತ್ತಿಗೆ, ಎಂದು ನಾನು ಮನಸ್ಸಿನಲ್ಲೇ ಅಂದೆ. ನಾನಾಗಿದ್ದರೆ ಎರಡು ಸಲ ಹೆಚ್ಚಿಗೇ ಒತ್ತುತ್ತಿದ್ದೆ.

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಬೆರಳು ಅಲುಗಿದ್ದು ಬಹಳ ಕಮ್ಮಿ.

ಬಲಗಿವಿ ಚೆನ್ನಾಗಿದೆ, ಎಡದ್ದು ಸವೆದಿದೆ, ಸವೆದದ್ದು ವಾಪಸ್ ಬರುವುದಿಲ್ಲ ಎಂದರು ಕಿವಿಯ ಡಾಕ್ಟರು. ಚೀಟಿ ಹಿಡಿದು ವಿಭಾಗದ ಮುಖ್ಯಸ್ಥೆಯ ಮುಂದೆ ನಿಂತೆವು. ಆಕೆ ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಿವಿ ಫೇಲಾದರೆ ಎಂದಿತ್ತೇ ಹೊರತು ಒಂದೋ ಎರಡೋ ಎಂದಿರಲಿಲ್ಲ.

“ಏನಮ್ಮಾ ಮಾಡೋದು ಈಗ?” ಎಂದು ಅತ್ತಿಗೆಯನ್ನೇ ಕೇಳಿದರು.

“ಡಾಕ್ಟ್ರು ಒಬ್ರೇ ಮಾತಾಡೋದು ಮೇಡಂ. ಅವರಿಗೆ ಒಂದು ಕಿವಿ ಸಾಕು.”

ಮುಖ್ಯಸ್ಥೆ ನಿಟ್ಟುಸಿರು ಬಿಟ್ಟು ತೀರ್ಪು ಕೊಟ್ಟರು. ಬೆಳಗ್ಗೆ ಟೈಪಿಂಗು, ಮಧ್ಯಾಹ್ನದ ಮೇಲೆ ನೆಲಮಾಳಿಗೆ. ಒಂದು ಕಿವಿಗೆ ಅರ್ಧ ದಿನ. ಸರ್ಕಾರಿ ಲೆಕ್ಕದಲ್ಲಿ ಇಷ್ಟು ಶೇಷವಿಲ್ಲದೆ ಭಾಗಾಕಾರವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾಪಸ್ ನಡೆದು ಬಂದೆವು. ಅರ್ಧ ಕುರ್ಚಿಯಾದರೂ ಉಳಿಯಿತಲ್ಲ, ಕೆಳಗೆ ಹೋದರೂ ಟೀಗೆ ನೀವೇ ಮೇಲೆ ಹತ್ತಿ ಬನ್ನಿ, ಎಂದೆಲ್ಲ ದಾರಿಯುದ್ದಕ್ಕೂ ಹೇಳಿದೆ. ಉತ್ತರವಿಲ್ಲ. ರಸ್ತೆ ದಾಟುವಾಗ ನೋಡಿದರೆ ನಾನು ಅವರ ಎಡಗಡೆ ನಡೆಯುತ್ತಿದ್ದೆ. ತೆಪ್ಪಗೆ ಬಲಗಡೆಗೆ ಬಂದೆ.

“ಒಂದು ಕಿವಿ ಹೋಯ್ತಲ್ಲ ಅತ್ತಿಗೆ, ಬೇಜಾರಾಗ್ತಿಲ್ವಾ?”

ಅತ್ತಿಗೆ ಕೈಚೀಲವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

“ನಿಮ್ಮಣ್ಣ ಗೊರಕೆ ಹೊಡೆಯೋದು ನನ್ನ ಎಡಗಡೆ ಮಲಗಿ.”