ನಾನು ತಿಂದ ಊರು

ಇವತ್ತು ಬೆಳಿಗ್ಗೆ ಕೈರೋದಿಂದ ಒಂದು ಪಾರ್ಸೆಲ್ ಬಂತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಉರಯಾಸುವಿನ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಕಾಫಿಪುಡಿಯ ವಾಸನೆ, ಅದೂ ಒಣಶುಂಠಿ ಸೇರಿಸಿ ಕುಟ್ಟಿದ ಪುಡಿ. ನ್ಯಾಯವಾಗಿ ನನಗೆ ನೆಗಡಿಯಾದಾಗ ಅಜ್ಜಿ ಕುಡಿಸುತ್ತಿದ್ದ ಶುಂಠಿ ಕಾಫಿ ನೆನಪಾಗಬೇಕಿತ್ತು. ನೆನಪಾದದ್ದು ಮಾತ್ರ ನಾನು ಒಂದು ಊರನ್ನು ತಿಂದುಹಾಕಿದ ದಿನ. ಗಾಬರಿಯಾಗಬೇಡಿ, ಹೇಳುತ್ತೇನೆ.

ನಮ್ಮ ಮನೆಯಲ್ಲಿ ಭಾನುವಾರದ ತಿಂಡಿಯ ಹೊತ್ತಿಗೆ ಭದ್ರತಾ ಮಂಡಳಿ ಸೇರುತ್ತದೆ. ಈ ಹೆಸರಿಟ್ಟವಳು ನನ್ನ ಹೆಂಡತಿ ಸುಧಾ. ನಾನು, ಮೈಸೂರಿನ ಪ್ರಕಾಶ, ಇನ್ನೂ ಮೂವರು ಗೆಳೆಯರು, ಒಟ್ಟು ಐವರು ಖಾಯಂ ಸದಸ್ಯರು. ವಾರವಿಡೀ ಶಿನಾಗಾವಾದ ಆಫೀಸುಗಳಲ್ಲಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಜಪಾನೀಯರಂತೆ ಕ್ಷಮೆ ಕೇಳುತ್ತ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡವರು ಭಾನುವಾರ ಇಡ್ಲಿಯ ಮುಂದೆ ಕೂತರೆ ಸಾಕು, ನೆಟ್ಟಗಾಗಿಬಿಡುತ್ತೇವೆ. ಯಾವ ದೇಶದ ಸರ್ಕಾರ ಯಾವಾಗ ಉರುಳುತ್ತದೆ, ಉರುಳಿಸುವವರ ಹಿಂದೆ ಯಾರಿದ್ದಾರೆ, ಆ ಹಿಂದಿನವರ ಹಿಂದೆ ಇನ್ಯಾರಿದ್ದಾರೆ, ಎಲ್ಲವೂ ನಮಗೆ ಗೊತ್ತು. ಒಮ್ಮೆ ಕೆಳಮನೆಯ ಮೊರಿತಾ ಸಾನ್ ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು: ಮನೆಯಲ್ಲಿ ಜಗಳವಾಗುತ್ತಿದ್ದರೆ ಸಹಾಯ ಬೇಕೇ ಎಂದು. ಪ್ರಕಾಶ ಅದನ್ನು ವಿದೇಶಿ ಹಸ್ತಕ್ಷೇಪವೆಂದು ಖಂಡಿಸಿದ.

"ದಿನಕ್ಕೊಂದು ಥರದ ಕಸದಲ್ಲಿ ಸೋಮವಾರ ಯಾವ್ದು ಹೊರಗಿಡ್ಬೇಕು ಅಂತ ಇವತ್ತಿಗೂ ಗೊತ್ತಿಲ್ಲ. ಸುಡಾನ್‌ನಲ್ಲಿ ಯಾರು ಗೆಲ್ತಾರೆ ಅಂತ ಮಾತ್ರ ಗೊತ್ತು!" ಎಂದು ಸುಧಾ ಅಡುಗೆಮನೆಯಿಂದ ಕೂಗುತ್ತಿದ್ದಳು. ವೀಟೋ ಅವಳೊಬ್ಬಳದೇ. ಚಟ್ನಿ ಬರುವುದು ನಿಂತರೆ ಸಭೆ ಬರಖಾಸ್ತು.

ಎರಡು ವರ್ಷದ ಹಿಂದೆ ಅಂಥ ಒಂದು ಭಾನುವಾರ ನಾನು ಇದ್ರಿಸ್‌ನನ್ನು ತಿಂಡಿಗೆ ಕರೆದಿದ್ದೆ. ಕೈರೋ ಆಫೀಸಿನಿಂದ ನಮ್ಮ ಟೀಮಿಗೆ ಬಂದು ತಿಂಗಳಾಗಿತ್ತು. ಮಾತು ಕಡಿಮೆ, ಒಂಟಿ ಜೀವ. ಕೈರೋದಿಂದ ಬಂದನೆಂದ ಮೇಲೆ ಈಜಿಪ್ಟಿನವನೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ಬೆಂಗಳೂರು ಆಫೀಸಿನಿಂದ ಬಂದ ನನ್ನನ್ನು ಯಾರಾದರೂ ಬೆಂಗಳೂರಿನವನು ಎಂದರೆ "ಅಲ್ಲ ಸಾನ್, ದಾವಣಗೆರೆ!" ಎಂದು ಮ್ಯಾಪು ತೆಗೆದು ತೋರಿಸುವ ಆಸಾಮಿ ನಾನು. ಅವನ ಊರು ಯಾವುದೆಂದು ಕೇಳುವುದಕ್ಕೆ ಏನು ಧಾಡಿಯಾಗಿತ್ತೋ!

ಅವನು ತಟ್ಟೆಯ ಪಕ್ಕದಲ್ಲೇ ಫೋನಿಟ್ಟುಕೊಂಡು ತುತ್ತಿಗೊಮ್ಮೆ ಅದನ್ನು ನೋಡುತ್ತಿದ್ದ. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. "ತಿನ್ನೋ ಹೊತ್ತಲ್ಲಾದ್ರೂ ಆಫೀಸ್ ಬಿಡಪ್ಪಾ," ಎಂದು ಬುದ್ಧಿ ಹೇಳಿದೆ. ನಕ್ಕ, ಮತ್ತೆ ಫೋನ್ ನೋಡಿದ.

ಅವತ್ತಿನ ವಿಷಯ ಸುಡಾನ್. ಇಬ್ಬರು ಜನರಲ್‌ಗಳು ದೇಶವನ್ನು ಹಿಡಿದು ಜಗ್ಗಾಡುತ್ತಿದ್ದರು. ಹೊಸ ಕಿವಿಯೊಂದು ಸಿಕ್ಕಿದೆಯಲ್ಲ, ನನಗೆ ಎಲ್ಲಿಲ್ಲದ ಹುಮ್ಮಸ್ಸು. ದೊಡ್ಡ ತಟ್ಟೆಯೊಂದನ್ನು ಎಳೆದುಕೊಂಡು ಸಾಂಬಾರಿನಲ್ಲಿ ನೈಲ್ ನದಿ ಹರಿಸಿದೆ. ಈ ದಡದ ಇಡ್ಲಿ ಖಾರ್ತೂಮ್, ನದಿಯಾಚೆಗಿನದು ಓಮ್ದುರ್ಮಾನ್. ಕಾಯಿಚಟ್ನಿ ಹೊರದೇಶಗಳಿಂದ ಒಳಬರುವ ಡ್ರೋನು. ಕೆಂಪು ಚಟ್ನಿ ಅದರ ಬದಲಿಗೆ ಹೊರಹೋಗುವ ಚಿನ್ನ.

"ಫ್ರಾಜೈಲ್ ಸ್ಟೇಟ್ ಕಣ್ರೀ. ಹೊರಗಿನೋರು ಕೈ ಹಾಕಿದ್ಮೇಲೆ ಮುಗೀತು," ಎಂದ ಪ್ರಕಾಶ.

ಇದ್ರಿಸ್ ಬಗ್ಗಿ ನೋಡಿದ. ನದಿಯಾಚೆಗೆ ಬೆರಳು ತೋರಿಸಿ, "ಹಾಗಾದ್ರೆ ಈ ಊರು ಏನಾಗುತ್ತೆ?" ಎಂದು ಕೇಳಿದ.

"ಓಮ್ದುರ್ಮಾನಾ? ಮರೆತುಬಿಡು. ಅದರ ಕಥೆ ಮುಗೀತು," ಎಂದವನೇ ಆ ಇಡ್ಲಿಯನ್ನೆತ್ತಿ, ಚಿನ್ನದಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡೆ.

"ನಮ್ಮಮ್ಮ ಅಲ್ಲೇ ಇದ್ದಾರೆ," ಎಂದ ಇದ್ರಿಸ್. "ಹನ್ನೊಂದು ದಿನದಿಂದ ಫೋನ್ ಸಿಗ್ತಿಲ್ಲ."

ನುಂಗಲಾರದ ಉಗುಳಲಾರದ ಬಿಸಿತುಪ್ಪ ಎನ್ನುತ್ತಾರಲ್ಲ, ಆರಿದ ಇಡ್ಲಿಯೂ ಹಾಗಾಗಬಹುದೆಂದು ಅವತ್ತು ತಿಳಿಯಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಸುಧಾ ಅಡುಗೆಮನೆಯಿಂದ ಬಂದು, ನದಿಯಾಚೆ ಖಾಲಿಯಾಗಿದ್ದ ಜಾಗದಲ್ಲಿ ಬಿಸಿ ಇಡ್ಲಿಯೊಂದನ್ನು ಇಟ್ಟಳು.

"ಇದನ್ನ ಯಾರಾದ್ರೂ ಮುಟ್ಟಿ, ನೋಡ್ತೀನಿ," ಎಂದಳು. ಕನ್ನಡ ಬಾರದ ಇದ್ರಿಸ್‌ಗೆ ಅದು ಹೇಗೆ ಅರ್ಥವಾಯಿತೋ, ಕಣ್ಣೊರೆಸಿಕೊಂಡು ನಕ್ಕುಬಿಟ್ಟ.

ಆಮೇಲೆ ಅವನು ಪ್ರತಿ ಭಾನುವಾರ ಬಂದ. ಅವನ ಫೋನನ್ನು ಮೇಜಿನ ನಡುವೆ, ಚಟ್ನಿ ಬಟ್ಟಲಿನ ಪಕ್ಕ ಇಟ್ಟುಕೊಂಡು ಎಲ್ಲರೂ ಕಾಯುತ್ತಿದ್ದೆವು. ಸುಮ್ಮನೆ ಕೂರಲಾಗದೆ ಅವನು ತಮ್ಮೂರಿನ ಶುಂಠಿ ಕಾಫಿ ಮಾಡುತ್ತಿದ್ದ. ಅವರಮ್ಮ ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾವಲಿಯ ಮೇಲೆ ತೆಳ್ಳಗೆ ದೋಸೆಯಂತೆ ಹುಯ್ಯುತ್ತಾರಂತೆ. ಜೋಳ ತಿಂದು ಬೆಳೆದ ನನಗೆ ಅವರ ಜನರಲ್‌ಗಳ ಹೆಸರು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಮೂರನೆಯ ಭಾನುವಾರ ಫೋನು ಬಡಿದುಕೊಂಡಿತು. ಅವರಮ್ಮನ ದನಿ! ಇದ್ರಿಸ್ ಸ್ಪೀಕರಿಗೆ ಹಾಕಿ ಅಳುತ್ತ ನಗುತ್ತ ಮಾತಾಡಿದ. ನಾವು ಎದ್ದು ನಿಂತು ಚಪ್ಪಾಳೆ ಹೊಡೆದೆವು. ಪಾಪ ಮೊರಿತಾ ಸಾನ್. ಅದೇನು ಗದ್ದಲ ಎಂದು ಅಮ್ಮ ಕೇಳಿದರಂತೆ. "ನನ್ನ ಗೆಳೆಯರು, ನಮ್ಮ ಯುದ್ಧದ ಬಗ್ಗೆ ಇವರಿಗೆ ಎಲ್ಲ ಗೊತ್ತು" ಎಂದನಂತೆ, ಕಳ್ಳ. ಅದಕ್ಕೆ ಅಮ್ಮ ಹೇಳಿದ್ದನ್ನು ನಮಗೆ ತಿಳಿಸಿದ: "ಎಲ್ಲ ಗೊತ್ತಿದ್ರೆ ನಮ್ಮ ಬೀದಿಗೆ ನೀರು ಯಾವಾಗ ಬರುತ್ತೆ ಕೇಳು, ಅಂತಿದ್ದಾರೆ."

ಪ್ರಕಾಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಕೆಲವು ತಿಂಗಳ ಮೇಲೆ ಅವನ ಅಮ್ಮ ದಿನಗಟ್ಟಲೆ ಬಸ್ಸುಗಳಲ್ಲಿ ಕೂತು ಗಡಿ ದಾಟಿ ಕೈರೋ ಸೇರಿದರು. ಇದ್ರಿಸ್ ಹಳೆಯ ಆಫೀಸಿಗೇ ಮರಳಿದ. ನಮ್ಮ ಮಂಡಳಿ ಈಗಲೂ ಸೇರುತ್ತದೆ. ಆದರೆ ಯಾರಾದರೂ "ಆಕ್ಚುಲಿ ಅಲ್ಲಿ ಏನಾಗ್ತಿದೆ ಅಂದ್ರೆ," ಎಂದು ಶುರುಮಾಡಿದರೆ, ಒಳಗಿನಿಂದ ಸುಧಾ "ನೀರು ಬಂತಂತಾ?" ಎನ್ನುತ್ತಾಳೆ. ಮಾತು ತೆಪ್ಪಗೆ ಕಸದ ಕಡೆ ತಿರುಗುತ್ತದೆ. ಸೋಮವಾರ ಹೊರಗಿಡಬೇಕಾದ್ದು ಸುಡಬಹುದಾದ ಕಸ, ಈಗ ನನಗೆ ಗೊತ್ತು.

ಪಾರ್ಸೆಲ್ ಮುಟ್ಟಿತೆಂದು ಹೇಳಲು ಈಗಷ್ಟೇ ಇದ್ರಿಸ್‌ಗೆ ವಿಡಿಯೋ ಕಾಲ್ ಮಾಡಿದೆ. ಅವನ ಭುಜದ ಹಿಂದಿನಿಂದ ಅವರಮ್ಮ ಇಣುಕಿ ನನ್ನನ್ನು ದಿಟ್ಟಿಸಿದರು.

"ನಮ್ಮೂರು ತಿಂದೋನು ಇವನೇನಾ, ಅಂತಿದ್ದಾರೆ," ಎಂದ ಇದ್ರಿಸ್.

ಕೈಮುಗಿದೆ. ಅಭ್ಯಾಸಬಲದಿಂದ "ಸುಮಿಮಾಸೆನ್" ಎಂದು ಬಗ್ಗಿಯೂ ಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಸೆರಗಿನಿಂದ ಬಾಯೊರೆಸಿಕೊಂಡು ಮೆಲ್ಲಗೆ ಇನ್ನೇನನ್ನೋ ಕೇಳಿದರು.

ಇದ್ರಿಸ್ ಅವರತ್ತ ತಿರುಗಿ ನೋಡಿ ನನಗೆ ಹೇಳಿದ: "ಸ್ವಲ್ಪನಾದ್ರೂ ಉಳಿಸಿದ್ದಾನಾ ಕೇಳು, ನಾನು ವಾಪಸ್ ಹೋಗ್ಬೇಕು, ಅಂತಿದ್ದಾರೆ."

ಸುಧಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಅಡುಗೆಮನೆಗೆ ಹೋಗಿ, ಒಲೆಯ ಮೇಲಿದ್ದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಒಳಗೆ ತುಂಬಿದ್ದ ಇಡ್ಲಿಗಳನ್ನು ಅವರಿಗೆ ತೋರಿಸಿದಳು.