ಆರ್ಡರ್ ಮಾಡದೆ ಬಿಟ್ಟ ಇ-ಸಿಗರೇಟು

ತಮ್ಮ ಎಷ್ಟೋ ವರ್ಷ ಸಿಗರೇಟು ಸೇದಿದ, ಆದರೆ ನನ್ನ ಎದುರಿಗೆ ಒಂದು ಸಲವೂ ಸೇದಲಿಲ್ಲ. ಮನೆಯ ಹಿಂದಿನ ಪಾರ್ಕಿಂಗ್ ಜಾಗಕ್ಕೆ ಹೋಗಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಿದ್ದ. ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ಅಕ್ಕನ ಮುಂದೆ ಅಷ್ಟು ಮರ್ಯಾದೆ ಇರಬೇಕೆಂದು ಇಬ್ಬರೂ ಸುಮ್ಮನಿದ್ದೆವು.

ಎಲ್ಲರ ಕೆಲಸ ಹೋಗುತ್ತಿದ್ದ ಆ ವರ್ಷಗಳಲ್ಲಿ ಅವನದೂ ಹೋಯಿತು, ಕುಡಿತ ಹೆಚ್ಚಾಯಿತು. ಮೂರನೇ ಸಲ ಕುಡಿದು ಡ್ರೈವ್ ಮಾಡಿ ಸಿಕ್ಕಿಬಿದ್ದಾಗ ಆರು ತಿಂಗಳು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಜೈಲಾಯಿತು. ನಮ್ಮ ದೇಶದವರೇ ಹೆಚ್ಚಿರುವ ಐಸೆಲಿನ್ ಊರಿನ ಅಂಗಡಿಯಲ್ಲಿ ಯಾರಾದರೂ ಆಂಟಿ ಕೇಳಿದರೆ, ಮೈಸೂರಿಗೆ ಹೋಗಿದ್ದಾನೆ ಎನ್ನುತ್ತಿದ್ದೆ. ಭಾನುವಾರಗಳಂದು ಅವನನ್ನು ನೋಡಲು ಹೋಗುತ್ತಿದ್ದೆ. ನಡುವೆ ಗಾಜು, ಕೈಯಲ್ಲಿ ಫೋನು, ಅರ್ಧ ಗಂಟೆ. ಈ ದೇಶದಲ್ಲಿ ಅವನಿಗಿದ್ದವಳು ನಾನೊಬ್ಬಳೇ.

ಜೈಲಿನಲ್ಲಿ ಸಿಗರೇಟು ನಿಷೇಧ. ಬದಲಿಗೆ ಒಳಗಿನ ಅಂಗಡಿಯಲ್ಲಿ ಇ-ಸಿಗರೇಟು ಮಾರುತ್ತಿದ್ದರು. ಬೆಂಕಿ ಬೇಡದ, ಮೆತ್ತನೆಯ ಪ್ಲಾಸ್ಟಿಕ್ಕಿನ ಬಿಳಿ ಕೊಳವೆ. ಮನೆಯವರು ಕಂಪ್ಯೂಟರಿನಲ್ಲಿ ಆ ಅಂಗಡಿಯ ಪಟ್ಟಿ ನೋಡಿ ಆರ್ಡರ್ ಮಾಡಬಹುದಿತ್ತು. ನಾನು ಬಿಸ್ಕತ್ತು, ನೂಡಲ್ಸ್, ಸೋಪು ಕಳಿಸುತ್ತಿದ್ದೆ.

ಒಂದು ಭಾನುವಾರ ಅವನು ನನ್ನ ಮುಖ ನೋಡದೆ ಹೇಳಿದ: "ಅಕ್ಕ, ಆ ಲಿಸ್ಟ್ ಕೊನೇಲಿ ಒಂದು ಐಟಂ ಇರತ್ತೆ. ಹೊಗೆ ಅಲ್ಲ ಅದು, ಆವಿ ಅಷ್ಟೆ. ತುಂಬಾ ಕಷ್ಟ ಆಗ್ತಿದೆ."

ನನ್ನ ಮುಂದೆ ಆ ಮಾತೆತ್ತಲು ಅವನಿಗೆಷ್ಟು ಧೈರ್ಯ ಬೇಕಾಗಿತ್ತೆಂದು ಆಗ ಯೋಚಿಸಲಿಲ್ಲ.

"ಅಕ್ಕನ ಹತ್ರ ಕೇಳೋ ಸಾಮಾನೇನೋ ಅದು?" ಎಂದೆ. "ಆವಿ ತಗೊಳಕ್ಕೆ ನಿಂಗೇನು ನೆಗಡಿನಾ?"

"ಹಂಗಾದ್ರೆ ಒಂದು ಪಾತ್ರೆ ಬಿಸಿನೀರು ಕಳಿಸು ಬಿಡಕ್ಕ," ಎಂದು ನಕ್ಕ. ಆ ವಾರ ಬಿಸ್ಕತ್ತು ಎರಡು ಪ್ಯಾಕೆಟ್ ಹೆಚ್ಚು ಕಳಿಸಿದೆ.

ಮುಂದಿನ ಭಾನುವಾರ ಹೋದಾಗ, ಅವನ ಭೇಟಿ ಒಂದು ತಿಂಗಳು ರದ್ದು ಎಂದರು. ಯಾರೋ ಕದ್ದು ತಂದ ತಂಬಾಕನ್ನು ಕಾಗದದಲ್ಲಿ ಸುತ್ತಿ ಸೇದುತ್ತಾ ಸಿಕ್ಕಿಬಿದ್ದಿದ್ದನಂತೆ. ಫೋನೂ ಇಲ್ಲ. ಮನೆಗೆ ಬಂದವಳೇ ಕೋಟು ತೆಗೆಯದೆ ಕಂಪ್ಯೂಟರಿನ ಮುಂದೆ ಕೂತು, ಪಟ್ಟಿಯ ಕೊನೆಯವರೆಗೆ ಹೋದೆ. ಜೈಲಿನ ನಿಯಮ ಮುರಿದು ಶಿಕ್ಷೆಯಲ್ಲಿರುವವರಿಗೆ ಏನನ್ನೂ ಕಳಿಸುವಂತಿಲ್ಲ ಎಂದು ಪರದೆಯ ಮೇಲೆ ಬಂತು.

ತಿಂಗಳು ಮುಗಿಯುವ ಮೊದಲೇ ಜೈಲಿನಿಂದ ಫೋನ್ ಬಂತು. ಹೃದಯಾಘಾತ. ನಿದ್ದೆಯಲ್ಲಿಯೇ ಹೋಗಿದ್ದ.

ಅದನ್ನು ಕಳಿಸಿದ್ದರೆ ಅವನು ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ಡಾಕ್ಟರೂ ಹಾಗೆ ಹೇಳಲಿಲ್ಲ. ಆದರೆ ಭೇಟಿ ರದ್ದಾಗದೆ ಇನ್ನೂ ಮೂರು ಭಾನುವಾರ ಅವನು ಗಾಜಿನ ಆಚೆ ಕೂತಿರುತ್ತಿದ್ದ. ಅವನು ಸೇದಬೇಕೆಂದಿದ್ದರೆ ನಾನು ಮೊದಲಿನಂತೆ, ಗೊತ್ತಿಲ್ಲದವಳ ಹಾಗೆ, ಬೇರೆ ಕಡೆ ತಿರುಗಿಕೊಳ್ಳಬಹುದಿತ್ತು.