ಬಿಸ್ಕತ್ತಿನ ಡಬ್ಬಿಯ ಕೊನೆಯ ಹಾಳೆ

ಸಂಡೂರು ರಸ್ತೆಯ ತಿರುವಿನಲ್ಲಿ ಎದ್ದ ಹೊಸ ಫ್ಲೆಕ್ಸನ್ನು ನೋಡಿ ಕೊಟ್ರಯ್ಯನವರ ಬಾಯಲ್ಲಿದ್ದ ಎಲೆ ಅಡಿಕೆ ಕಹಿಯಾಯಿತು. ಗಣಿ ಧಣಿ ಈಶ್ವರ್ ಮನೆಯೆತ್ತರಕ್ಕೆ ನಿಂತಿದ್ದ. ಮೈಗಂಟಿದ ಹಸಿರು ಉಡುಪು, ಬೆನ್ನಿಗೆ ಹಾರುವ ಕೆಂಪು ಹೊದಿಕೆ, ಹಣೆಯ ಮೇಲಕ್ಕೆ ಸರಿಸಿದ ಬಂಗಾರದ ಮುಸುಕು. ಕೆಳಗೆ, ‘ಬಡವರ ಬಂಧುವಿಗೆ ಹುಟ್ಟುಹಬ್ಬದ ಶುಭಾಶಯಗಳು.’ ಹೊಟ್ಟೆಯನ್ನು ಅಡಗಿಸುವುದು ಮಾತ್ರ ಕಂಪ್ಯೂಟರಿನವನ ಕೈಲೂ ಆಗಿರಲಿಲ್ಲ.

ಹಾಗೆ ನೋಡಿದರೆ ಫ್ಲೆಕ್ಸು ಆ ವರ್ಷಗಳಲ್ಲಿ ಹೊಸಪೇಟೆಗೆ ಅಂಟಿದ ತುರಿಕಜ್ಜಿ. ಅದಿರಿನ ಬೆಲೆ ಏರಿದ್ದೇ ತಡ, ನಿನ್ನೆ ಮೊನ್ನೆ ಸೈಕಲ್ ತುಳಿದವರೆಲ್ಲ ಕಂಬ ಗೋಡೆ ಬಿಡದೆ ಹಲ್ಲು ಕಿರಿಯುತ್ತಿದ್ದರು. ಕೊಟ್ರಯ್ಯ ಅದಕ್ಕೆ ಒಗ್ಗಿಹೋಗಿದ್ದರು. ಆದರೆ ಈ ವೇಷದ ಗುರುತು ಅವರಿಗಿತ್ತು. ಥೂ ಎಂದು ಉಗಿದು ಮನೆಗೆ ಬಂದರು.

ಎಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ದಾರಕ್ಕೆ ಕ್ಲಿಪ್ಪು ಹಾಕಿ ಕಾಮಿಕ್ಸ್ ತೂಗುಬಿಡುತ್ತಿದ್ದರು. ಶಾಲೆ ಬಿಟ್ಟರೆ ಸಾಕು, ಹುಡುಗರು ಮುಗಿಬೀಳುತ್ತಿದ್ದರು. ಎಲ್ಲರಿಗಿಂತ ಅಚ್ಚುಮೆಚ್ಚಿನವನು ಅಂಗೈಯಿಂದ ಮಿಂಚು ಬಿಡುತ್ತಿದ್ದ ಮಿಂಚುಗೈ. ಒರಟು ಕಾಗದ, ಗೆರೆ ದಾಟಿ ಹರಡಿದ ಬಣ್ಣ, ಮೂಗಿಗೆ ಅಡರುವ ಮಸಿಯ ವಾಸನೆ. ನೆನೆದರೆ ಕೊಟ್ರಯ್ಯನವರಿಗೆ ಈಗಲೂ ಹಿಗ್ಗು. ಅದನ್ನೋದಿದ ಹುಡುಗರು ಅವ್ವಂದಿರ ಹಳೇ ಸೀರೆ ಕುತ್ತಿಗೆಗೆ ಕಟ್ಟಿಕೊಂಡು ಕಾಲುವೆ ಕಟ್ಟೆಯಿಂದ ಜಿಗಿಯುತ್ತಿದ್ದರು.

ಮನೆಗೊಯ್ದ ಪುಸ್ತಕ ವಾಪಸು ಬರಬೇಕಲ್ಲ, ಅದಕ್ಕೆ ಕೊಟ್ರಯ್ಯ ಒಂದು ಉಪಾಯ ಮಾಡಿದ್ದರು. ಪ್ರತಿ ಕಾಮಿಕ್ಸಿನ ಕೊನೆಯ ಹಾಳೆಯನ್ನು ಬಿಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಪುಸ್ತಕ ತಂದುಕೊಟ್ಟವನು ಮಾತ್ರ ಅದನ್ನು ಅಲ್ಲೇ ನಿಂತು ಓದಬೇಕು. ಕದ್ದವನಿಗೆ ಕಥೆ ಮುಗಿಯುವುದೇ ಇಲ್ಲ. ಆ ಹಾಳೆಯಲ್ಲಿ ಕಳ್ಳ ಸಿಕ್ಕಿಬಿದ್ದರೆ ಹುಡುಗರು ತಾವೇ ಹಿಡಿದವರಂತೆ ಮುಷ್ಟಿ ಬಿಗಿಯುತ್ತಿದ್ದರು. ಟಿವಿ ಬಂದು ಅಂಗಡಿ ಮುಚ್ಚಿತು. ಊರಿಗೆ ಬೇರೇನೂ ಮಾಡದಿದ್ದರೂ, ನ್ಯಾಯ ಅನ್ಯಾಯ ತಿಳಿದ ಒಂದಷ್ಟು ಮಕ್ಕಳನ್ನು ಬೆಳೆಸಿದೆ ಎಂಬ ನಂಬಿಕೆಯೊಂದೇ ಅವರಿಗೆ ಉಳಿದ ಗಳಿಕೆ.

ಈಶ್ವರ್ ಹುಡುಗನಾಗಿದ್ದಾಗ ಒಯ್ದು ನುಂಗಿಹಾಕಿದ್ದು ಬಂಗಾರಮುಸುಕ ಎಂಬವನು ಬರುವ ಸಂಚಿಕೆ. ಹಸಿರು ಉಡುಪಿನ ಆ ಬಂಗಾರಮುಸುಕ ಹಾರಿ ಬಂದು ಹಸಿದವರಿಗೆ ಕಾಳು ಹಂಚುತ್ತಾನೆ; ಅವನ ಮುಂದೆ ಮಿಂಚುಗೈ ಕೂಡ ಸಪ್ಪೆ. ಕೊನೆಯ ಹಾಳೆಯಲ್ಲಿ ಮಿಂಚುಗೈ ಅವನ ಮುಸುಕು ಕಿತ್ತಾಗಲೇ ಗೊತ್ತಾಗುವುದು, ಊರಿನ ಉಗ್ರಾಣ ದೋಚಿದ ಕಳ್ಳ ಅವನೇ, ಹಂಚಿದ್ದು ಅದರದೇ ಹಿಡಿಕಾಳು ಎಂದು. ಆ ಹಾಳೆ ಇನ್ನೂ ಡಬ್ಬಿಯಲ್ಲಿತ್ತು. ಅಂದರೆ ಈ ಮಹಾಶಯ ತಾನು ಹಾಕಿರುವುದು ಕಳ್ಳನ ವೇಷ ಎಂಬುದೇ ಗೊತ್ತಿಲ್ಲದೆ ಊರ ತುಂಬ ನಿಂತಿದ್ದ.

ಅಷ್ಟರಲ್ಲಿ ಅವನ ಕಡೆಯವರು ಬಂದು, ಹುಟ್ಟುಹಬ್ಬದ ವೇದಿಕೆಯಲ್ಲಿ ಧಣಿಯ ಬಾಲ್ಯದ ಗುರುಗಳೆಂದು ಕೊಟ್ರಯ್ಯನವರಿಗೇ ಸನ್ಮಾನ ಎಂದು ಹೇಳಿಹೋದರು. ಇವರು ಸಿಡಿಮಿಡಿಗೊಂಡರೆ, ಹೆಂಡತಿ ಮರುಳಸಿದ್ದಮ್ಮ ಒಂದು ಶಾಲು ಹೊದಿಸಿಕೊಂಡು ಬಂದರೆ ಮೈಯೇನು ಸವೆಯುವುದಿಲ್ಲ ಎಂದರು. ಕೊಟ್ರಯ್ಯ ಆ ಹಾಳೆಯನ್ನು ಜುಬ್ಬದ ಜೇಬಿಗಿಟ್ಟುಕೊಂಡು ಹೊರಟರು. ತನ್ನ ಓದುಗರು ಅಲ್ಲಿ ಇದ್ದೇ ಇರುತ್ತಾರೆ, ಹಾಳೆ ಎತ್ತಿ ಹಿಡಿದರೆ ಸಾಕು, ನಗೆ ಏಳುತ್ತದೆ, ಇವನ ಬಣ್ಣ ಬಯಲಾಗುತ್ತದೆ ಎಂಬುದು ಅವರ ಲೆಕ್ಕ.

ಓದುಗರು ಇದ್ದರು, ಮುಂದಿನ ಸಾಲಿನಲ್ಲೇ. ಸೀರೆ ಕಟ್ಟಿಕೊಂಡು ಕಾಲುವೆಗೆ ಜಿಗಿಯುತ್ತಿದ್ದ ಕೆಂಚಣ್ಣ, ಈಗ ಲಾರಿಗಳ ಮಾಲೀಕ. ಮಿಂಚುಗೈಗೆ ಅವಮಾನವಾಯಿತೆಂದು ಅತ್ತಿದ್ದ ವಾಸುದೇವ, ಈಗ ಅದಿರು ಸಾಗಿಸಲು ಪರವಾನಗಿ ಕೊಡುವ ಅಧಿಕಾರಿ. ಈಶ್ವರನಿಗಿಂತ ಮೊದಲೇ ಆ ಸಂಚಿಕೆ ಒಯ್ದು ತಪ್ಪದೆ ತಂದುಕೊಟ್ಟ, ಕೊನೆಯ ಹಾಳೆಯನ್ನೂ ಓದಿದ ಹುಡುಗರು.

ಈಶ್ವರ್ ಶಾಲು ಹೊದಿಸಿ ಕಾಲಿಗೆ ಬಿದ್ದ. ತನ್ನ ಬಾಳಿಗೆ ದಾರಿ ತೋರಿಸಿದ್ದು ಇವರ ಅಂಗಡಿಯ ಪುಸ್ತಕ ಎಂದು ಮೈಕಿನಲ್ಲಿ ಸಾರಿದ. ಕೊಟ್ರಯ್ಯ ಹಾಳೆ ತೆಗೆದು ಸಭೆಗೆ ಕಾಣುವಂತೆ ಎತ್ತಿ ಹಿಡಿದರು. ಮುಸುಕು ಕಿತ್ತ ಕೆಂಪು ಹೊದಿಕೆಯ ಕಳ್ಳ, ಹಿಂದೆ ಅದೇ ವೇಷದ ಈಶ್ವರನ ಫ್ಲೆಕ್ಸು. ಮುಂದಿನ ಸಾಲಿನ ತಲೆಗಳೆಲ್ಲ ತಗ್ಗಿದವು. ಒಬ್ಬನೂ ನಗಲಿಲ್ಲ. ಕೆಂಚಣ್ಣ ಮೊದಲು ಚಪ್ಪಾಳೆ ತಟ್ಟಿದ, ಉಳಿದವರು ಸೇರಿಕೊಂಡರು. ಹಾಳೆಯಲ್ಲಿ ಏನಿದೆ ಎಂದು ಓದುವ ಗೋಜಿಗೂ ಹೋಗದೆ ಈಶ್ವರ್ ಫೋಟೋದವನನ್ನು ಹತ್ತಿರ ಕರೆದ.

ವೇದಿಕೆ ಇಳಿದ ಕೊಟ್ರಯ್ಯನವರನ್ನು ವಾಸುದೇವ ಪಕ್ಕಕ್ಕೆ ಕರೆದೊಯ್ದ.

“ಅಯ್ಯನೋರ, ಫ್ಲೆಕ್ಸ್ ನೋಡಿದ ದಿವಸಾನ ನಮಗೆಲ್ಲಾ ಗೊತ್ತಾತ್ರಿ. ಮನಿಯೊಳಗ ಕೂತು ಭಾಳ ನಕ್ಕೀವಿ. ಹೊರಗ ಹೇಳಿ ಏನ್ ಆಗೂದದ? ಕೇಸರಿಬಾತ್ ಛಲೋ ಆಗೇದ, ತಗೊಳ್ರಿ.”

ತುಪ್ಪ ಒಸರುತ್ತಿದ್ದ ಆ ತಟ್ಟೆಯನ್ನು ಕೊಟ್ರಯ್ಯ ಆಚೆ ಸರಿಸಿದರು. ಈಶ್ವರನ ಮೇಲಿದ್ದ ಹೇಸಿಗೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅದಿರು ಲಾರಿಗಳ ಕೆಂಧೂಳು ಕುಡಿಯುತ್ತ ಮನೆಗೆ ನಡೆದರು.

ಬಾಗಿಲಲ್ಲೇ ಕಾದಿದ್ದ ಮರುಳಸಿದ್ದಮ್ಮ ಹಾಳೆಯನ್ನು ಇಸಿದುಕೊಂಡು ಕೇಳಿದರು: “ಮತ್ತ ಡಬ್ಬ್ಯಾಗ ಇಡ್ಲೇನ್ರಿ?”

“ಬ್ಯಾಡ. ಕದ್ದವಗ ಗೊತ್ತಿದ್ದಿಲ್ಲ. ಓದಿದವ್ರು ಚಪ್ಪಾಳಿ ಹೊಡದ್ರು.”

ಕೊಟ್ರಯ್ಯ ಹೆಗಲ ಮೇಲಿದ್ದ ಜರಿ ಶಾಲನ್ನು ತೆಗೆದು ಹೊಸ್ತಿಲ ಹೊರಗೆ ಹಾಸಿ, ಕಾಲಿನ ಕೆಂಪು ಧೂಳನ್ನು ಅದಕ್ಕೆ ಒರೆಸಿಕೊಂಡು ಒಳಗೆ ಹೋದರು.